ಹಕ್ಕಿಯ ಹಿಂದೆ ಓಡದೆ ಹಕ್ಕಿಯ ಫೋಟೊ ತೆಗೆಯುವುದು ಹೇಗೆ?

ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಹತ್ತಿದವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಯಾವ ಲೆನ್ಸ್ ತೆಗೆದುಕೊಳ್ಳಲಿ?" ಅದಕ್ಕೆ ಉತ್ತರ ಈ ಲೇಖನದ ನಡುವೆ ಎಲ್ಲೋ ಇದೆ. ಬೇಕೆಂದೇ ಅಲ್ಲಿಟ್ಟಿದ್ದೇನೆ. ಏಕೆಂದರೆ ನಾನೂ ಲೆನ್ಸಿನಿಂದಲೇ ಶುರು ಮಾಡಿ ಕೆಟ್ಟವನು. ಕಂತಿನಲ್ಲಿ ಕೊಂಡ ಭಾರದ ಲೆನ್ಸ್ ಹೊತ್ತುಕೊಂಡು ಮೊದಲ ವರ್ಷವಿಡೀ ಮೈಸೂರಿನ ಸುತ್ತಮುತ್ತಲ ಕೆರೆಗಳನ್ನು ಸುತ್ತಿದೆ. ವರ್ಷದ ಕೊನೆಗೆ ಗುಡ್ಡೆ ಬಿದ್ದ ಸಾವಿರಾರು ಚಿತ್ರಗಳಲ್ಲಿ ಬಹುಪಾಲು, ನನ್ನನ್ನು ಕಂಡು ಎದ್ದು ಹಾರಿದ ಕೊಳಬಕಗಳ ಬೆನ್ನು. ನನ್ನ ಹೆಂಡತಿ ಅದಕ್ಕೆ 'ಬೀಳ್ಕೊಡುಗೆ ಸಮಾರಂಭದ ಆಲ್ಬಮ್' ಎಂದು ಹೆಸರಿಟ್ಟಳು.

ಆ ಆಲ್ಬಮ್ ಕಲಿಸಿದ್ದು ಇಷ್ಟು: ನಾವು ಹಕ್ಕಿಯ ಕಡೆಗೆ ನಡೆದರೆ ಸಿಗುವುದು ಬೆನ್ನು, ಹಕ್ಕಿ ನಮ್ಮ ಕಡೆಗೆ ಬಂದರೆ ಸಿಗುವುದು ಮುಖ. ಅದು ತಾನಾಗಿ ಬರುವ ಹಾಗೆ ನಾವು ಎಲ್ಲಿ, ಯಾವಾಗ, ಹೇಗೆ ಕೂರಬೇಕು ಎಂಬುದೇ ಈ ಹವ್ಯಾಸದ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಕ್ಯಾಮೆರಾ.

ಮೊದಲು ಒಂದು ಕೆರೆ

ಮನೆಯಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ದಾಂಡೇಲಿಯ ಮಂಗಟ್ಟೆ, ಕಬಿನಿಯ ಹದ್ದುಗಳ ಆಸೆಯನ್ನು ಸ್ವಲ್ಪ ಕಾಲ ಬದಿಗಿಡಿ. ಅಲ್ಲಿಗೆ ವರ್ಷಕ್ಕೊಮ್ಮೆ ಹೋಗುತ್ತೀರಿ. ವರ್ಷಕ್ಕೊಮ್ಮೆ ಮಾಡುವ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ. ವಾರಕ್ಕೆ ಎರಡು ಸಲ ಹೋಗಲಾಗುವ ಕೆರೆ, ತೋಟ, ಗದ್ದೆಯ ಬದು, ಕಾಲೇಜಿನ ಆವರಣ ಯಾವುದಾದರೂ ಆದೀತು. ಬೆಂಗಳೂರಿನವರಿಗೆ ಲಾಲ್‌ಬಾಗ್ ಇದೆ, ಧಾರವಾಡದವರಿಗೆ ಕೆಲಗೇರಿ ಕೆರೆ ಇದೆ, ಮೈಸೂರಿನವರಿಗಂತೂ ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಎಂದು ಸಾಲುಸಾಲಾಗಿ ಇವೆ.

ಹೊಸಬರಿಗೆ ಒಂದು ಗುಟ್ಟು. ಜನ ವಾಯುವಿಹಾರಕ್ಕೆ ಬರುವ ಕೆರೆಯನ್ನೇ ಆರಿಸಿಕೊಳ್ಳಿ. ಜನರಿಲ್ಲದ ಕಡೆ ಹಕ್ಕಿ ಹೆಚ್ಚು ಎಂಬುದು ನಿಜವಿರಬಹುದು, ಆದರೆ ಅಲ್ಲಿನ ಹಕ್ಕಿಗೆ ಮನುಷ್ಯನೆಂದರೆ ಕಲ್ಲು ಹೊಡೆಯುವವನು. ಹಳ್ಳಿಯ ಗದ್ದೆಯಲ್ಲಿ ನೂರು ಅಡಿ ದೂರದಲ್ಲೇ ಎದ್ದು ಹಾರುವ ಕೊಳಬಕ, ಕುಕ್ಕರಹಳ್ಳಿಯ ಏರಿಯ ಮೇಲೆ ಜನ ಜೋರಾಗಿ ರಾಜಕೀಯ ಮಾತಾಡುತ್ತ ಹೋದರೂ ಹತ್ತು ಹೆಜ್ಜೆಯಾಚೆ ಮೀನಿನ ಮೇಲೆ ಕಣ್ಣಿಟ್ಟು ನಿಂತಿರುತ್ತದೆ. ಅದೇ ಜಾತಿ, ಅದೇ ಹಕ್ಕಿ. ಬೇರೆಯಾದದ್ದು ಅದರ ಅನುಭವ.

ಮೊದಲ ಎರಡು ವಾರ ಕ್ಯಾಮೆರಾ ಮನೆಯಲ್ಲೇ ಇರಲಿ. ಹೊಸ ಕ್ಯಾಮೆರಾ ಕೊಂಡವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು. ಆದರೂ ಒಂದು ಚಿಕ್ಕ ನೋಟ್‌ಬುಕ್ ಮಾತ್ರ ಹಿಡಿದು ಹೋಗಿ, ಕೆರೆಯ ನಕ್ಷೆಯೊಂದನ್ನು ಗೀಚಿಕೊಳ್ಳಿ. ಏರಿ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಜೊಂಡು ಎಲ್ಲಿ ಬೆಳೆದಿದೆ, ಬೆಳಗಿನ ಬಿಸಿಲು ಯಾವ ದಡಕ್ಕೆ ಮೊದಲು ಬೀಳುತ್ತದೆ. ಆ ನಕ್ಷೆಯ ಮೇಲೆ ಹಕ್ಕಿ ಕೂರುವ ಜಾಗಗಳಿಗೆ ಚುಕ್ಕಿ ಇಡುತ್ತ ಬನ್ನಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಎರಡು ವಾರದ ಹೊತ್ತಿಗೆ ಕೆಲವು ಕಡೆ ಚುಕ್ಕಿಗಳು ಒತ್ತಾಗಿ ಬಿದ್ದಿರುತ್ತವೆ. ಕೂರಬೇಕಾದ್ದು ಅಲ್ಲಿಯೇ.

ಊರಿನವರನ್ನು ಮಾತಾಡಿಸುವುದೂ ಈ ಹಂತದ ಕೆಲಸ. ಒಮ್ಮೆ ಮಂಡ್ಯದ ಕಡೆ ಒಂದು ಕೆರೆಯ ಏರಿಯ ಮೇಲೆ ನೋಟ್‌ಬುಕ್ಕಿನಲ್ಲಿ ಗೀಚುತ್ತ ನಿಂತಿದ್ದಾಗ ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಅನುಮಾನದಿಂದಲೇ, "ಯಾವ ಇಲಾಖೆಯವರು ಸ್ವಾಮಿ? ಒತ್ತುವರಿ ಸರ್ವೆಯೋ?" ಎಂದು ಕೇಳಿದರು. ಹಕ್ಕಿ ನೋಡಲು ಬಂದಿದ್ದೇನೆ ಯಜಮಾನರೇ ಎಂದೆ. ಸರ್ವೆಯಲ್ಲ ಎಂದು ಖಾತ್ರಿಯಾದ ಮೇಲೆ ಅವರ ಮುಖ ಸಡಿಲವಾಯಿತು. "ಹಾಗಾದರೆ ಇಲ್ಲೇಕೆ ನಿಂತಿದ್ದೀರಿ? ತೂಬಿನ ಹತ್ತಿರ ಹೋಗಿ. ನಾನು ಹಾಲು ಹಾಕಿ ಬರುವ ಹೊತ್ತಿಗೆ ದಿನಾ ಒಂದು ನೀಲಿ ಹಕ್ಕಿ ಆ ಕಲ್ಲುಕಂಬದ ಮೇಲೆ ಕೂತಿರುತ್ತದೆ." ಡೇರಿಗೆ ಹಾಲು ಹಾಕುವ ಹೊತ್ತು ಎಂದರೆ ಏಳು ಗಂಟೆ. ಮರುದಿನ ಏಳಕ್ಕೆ ಹೋದರೆ ಕಿರು ಮಿಂಚುಳ್ಳಿ ಹಾಜರಾಗಿತ್ತು.

ಆಮೇಲೆ ಒಂದೇ ಹಕ್ಕಿ

ಕಂಡದ್ದನ್ನೆಲ್ಲ ತೆಗೆಯಲು ಹೋಗಬೇಡಿ. ಒಂದು ಹಕ್ಕಿಯನ್ನು ಹಿಡಿದುಕೊಂಡು ತಿಂಗಳುಗಟ್ಟಲೆ ಅದರ ಜೊತೆ ಏಗಿ. ಯಾವುದು? ಕೂತ ಕೊಂಬೆಗೇ ಮತ್ತೆ ಮತ್ತೆ ಮರಳುವ ಹಕ್ಕಿ. ಇದರಲ್ಲಿ ಕಳ್ಳಿಪೀರ, ಕಾಜಾಣ, ಮಿಂಚುಳ್ಳಿ ಮೂರೂ ಹೊಸಬರಿಗೆ ಗುರುಗಳಿದ್ದಂತೆ.

ಕಳ್ಳಿಪೀರವನ್ನೇ ನೋಡಿ. ಹಸಿರು ಬಣ್ಣದ, ಬಾಲದ ನಡುವೆ ಎರಡು ಕಡ್ಡಿ ಸಿಕ್ಕಿಸಿದಂತಿರುವ ಪುಟ್ಟ ಹಕ್ಕಿ. ಬೇಲಿಯ ತಂತಿಯ ಮೇಲೋ ಒಣಗಿದ ಕಡ್ಡಿಯ ತುದಿಯಲ್ಲೋ ಕೂತು ತಲೆಯನ್ನು ಅತ್ತಿತ್ತ ಕೊಂಕಿಸುತ್ತಿರುತ್ತದೆ. ತಟ್ಟನೆ ಚಿಮ್ಮಿ, ಗಾಳಿಯಲ್ಲೇ ಜೇನುನೊಣವನ್ನೋ ಏರೋಪ್ಲೇನ್ ಚಿಟ್ಟೆಯನ್ನೋ ಹಿಡಿದು, ಬಿಲ್ಲಿನಂತೆ ಬಾಗಿ ತಿರುಗಿ ಅದೇ ಕಡ್ಡಿಗೆ ಬಂದು ಕೂರುತ್ತದೆ. ಹಿಡಿದದ್ದು ಜೇನುನೊಣವಾದರೆ ನುಂಗುವ ಮೊದಲು ಕಡ್ಡಿಗೆ ಬಡಿದು, ಉಜ್ಜಿ, ಮುಳ್ಳು ವಿಷ ಎಲ್ಲ ತೆಗೆಯುತ್ತದೆ. ಆ ಬಡಿಯುವ ಕೆಲಸಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ, ನಿಮಗೆ ಸಿಗುವ ಸಮಯ ಅದೇ. ಹಾರಿದ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುವ ಗೋಜಿಗೇ ಹೋಗಬೇಡಿ. ಕಡ್ಡಿಯ ಮೇಲೆ ಫೋಕಸ್ ಇಟ್ಟು, ಬೆರಳು ಗುಂಡಿಯ ಮೇಲಿಟ್ಟು ಕಾಯಿರಿ. ಅದು ಹೋದ ದಾರಿಯಲ್ಲೇ ಬರುತ್ತದೆ.

ಮಿಂಚುಳ್ಳಿಯದು ಇನ್ನೊಂದು ಪಾಠ. ನೀರಿಗೆ ಧುಮುಕುವ ಮುನ್ನ ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆಯುತ್ತದೆ. ಮೀನು ಸಿಕ್ಕಿದರೆ ಕಂಬಕ್ಕೆ ಬಡಿದು, ತಲೆ ಒಳಮುಖವಾಗುವಂತೆ ತಿರುಗಿಸಿಕೊಂಡು ನುಂಗುತ್ತದೆ. ಕೆಲವೊಮ್ಮೆ ಮೀನಿನ ತಲೆಯನ್ನು ಹೊರಮುಖವಾಗಿ ಹಿಡಿದು ಹಾಗೆಯೇ ಕೂತಿರುತ್ತದೆ. ಅಂದರೆ ಆ ಮೀನು ಅದರ ಊಟವಲ್ಲ. ಮರಿಗೋ ಸಂಗಾತಿಗೋ ಒಯ್ಯುತ್ತಿದೆ. ದಡದ ಮಣ್ಣಿನಲ್ಲಿ ಎಲ್ಲೋ ಅದರ ಬಿಲ ಇರಬಹುದು. ನೀವು ಬಿಲದ ದಾರಿಗೆ ಅಡ್ಡ ಕೂತಿದ್ದರೆ ಅದು ಒಳಗೆ ಹೋಗಲಾರದೆ ಅಲ್ಲೇ ಕಾಯುತ್ತಿರುತ್ತದೆ. 'ಎಷ್ಟು ಹೊತ್ತು ಪೋಸ್ ಕೊಟ್ಟಿತು ನೋಡಿ' ಎಂದು ನಾವು ಹಿಗ್ಗುವ ಚಿತ್ರ ಎಷ್ಟೋ ಸಲ ಇಂಥದ್ದು. ಎದ್ದು ಜಾಗ ಬದಲಿಸಿ.

ಕೂರುವುದನ್ನು ಕಲಿಯುವುದು

ಬಟ್ಟೆ ಮಾಸಲು ಬಣ್ಣದ್ದಿರಲಿ, ಸಾಕು. ಎಲೆ ಚಿತ್ತಾರದ ಸೈನಿಕ ವೇಷ ಬೇಕಿಲ್ಲ; ಅದು ಹಕ್ಕಿಗಿಂತ ಹೆಚ್ಚಾಗಿ ಊರಿನವರನ್ನು ಬೆದರಿಸುತ್ತದೆ. ಹಕ್ಕಿ ಬೆಚ್ಚುವುದು ಬಣ್ಣಕ್ಕಿಂತ ಚಲನೆಗೆ. ಹಕ್ಕಿ ಬರುವ ಮೊದಲೇ ಹೋಗಿ ಕೂರಬೇಕು, ಅದು ಬಂದ ಮೇಲೆ ಕೈ ಎತ್ತಬಾರದು. ಅದಕ್ಕಾಗಿ ಕ್ಯಾಮೆರಾವನ್ನು ಮೊದಲೇ ಕಣ್ಣಿನ ಮಟ್ಟಕ್ಕೆ ತಂದು ಯಾವುದಾದರೂ ಆಧಾರದ ಮೇಲೆ ಇಟ್ಟುಕೊಂಡಿರಿ. ಟ್ರೈಪಾಡ್ ಇದ್ದರೆ ಸರಿ. ಇಲ್ಲದಿದ್ದರೆ ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನಿಂದ ಕತ್ತರಿಸಿ, ಎರಡೂ ತುದಿ ಹೊಲಿದು, ಒಳಗೆ ಹುರುಳಿ ತುಂಬಿ. ನನ್ನ ಚೀಲಕ್ಕೆ ಈಗ ಎಂಟು ವರ್ಷ. ಒಮ್ಮೆ ಹುಳ ಬಿದ್ದು ಹುರುಳಿ ಬದಲಿಸಿದ್ದು ಬಿಟ್ಟರೆ ಇನ್ನೇನೂ ಖರ್ಚಿಲ್ಲ. ಕಲ್ಲಿನ ಮೇಲೆ, ಏರಿಯ ಕಟ್ಟೆಯ ಮೇಲೆ, ಕಾರಿನ ಕಿಟಕಿಯ ಮೇಲೆ, ಎಲ್ಲಿ ಬೇಕಾದರೂ ಕೂರುತ್ತದೆ.

ಕಾರಿನ ಮಾತು ಬಂತು. ಹೊಲದ ದಾರಿಯಲ್ಲಿ ಕಾರೇ ಒಳ್ಳೆಯ ಮರೆ. ನಡೆದು ಹೋದರೆ ಹಾರಿಬಿಡುವ ನೀಲಕಂಠ, ಕಾರು ಪಕ್ಕದಲ್ಲಿ ಬಂದು ನಿಂತರೂ ತಂತಿಯ ಮೇಲೆ ಕೂತೇ ಇರುತ್ತದೆ. ಇಂಜಿನ್ ಆರಿಸಿ, ಏಕೆಂದರೆ ಅದರ ನಡುಕ ಚಿತ್ರಕ್ಕೆ ಇಳಿಯುತ್ತದೆ. ಬಾಗಿಲು ಮಾತ್ರ ತೆರೆಯಬೇಡಿ.

ನೆಲದ ಮೇಲೆ ಕೂರುವ ಮುನ್ನ ಹುಲ್ಲನ್ನು ಕೋಲಿನಿಂದ ಬಡಿದು ನೋಡಿ. ಕೆರೆ ಏರಿ ಎಂದರೆ ಕಪ್ಪೆ, ಕಪ್ಪೆ ಎಂದರೆ ಹಾವು. ಮಲೆನಾಡಿನವರಿಗೆ ಇಂಬಳದ ವಿಷಯ ಹೇಳಿಕೊಡಬೇಕಾಗಿಲ್ಲ.

ಕೂತ ಮೇಲೆ ಏನೂ ಆಗದ ಮುಕ್ಕಾಲು ಗಂಟೆ ಇರುತ್ತದಲ್ಲ, ಅದನ್ನು ಮೊಬೈಲಿಗೆ ಕೊಡಬೇಡಿ. ನಾನು ನನ್ನ ಅತ್ಯುತ್ತಮ ಗರುಡನನ್ನು ಕಳೆದುಕೊಂಡದ್ದು ಒಂದು ಮದುವೆ ಗುಂಪಿನ ವಾಟ್ಸ್‌ಆ್ಯಪ್ ಸಂದೇಶ ನೋಡುತ್ತಿದ್ದಾಗ.

ಬೆಳಕು, ಹಿನ್ನೆಲೆ, ಕಣ್ಣು

ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಸಂಜೆ ಮುಳುಗುವ ಮುನ್ನ ಒಂದೂವರೆ ಗಂಟೆ. ಉಳಿದ ಹೊತ್ತು ಹಕ್ಕಿಗಳೂ ನೆರಳು ಸೇರುತ್ತವೆ, ನೀವೂ ಮನೆ ಸೇರಬಹುದು. ಬಿಸಿಲೇರಿದ ಮೇಲೆ ನೀರಿನ ಮೇಲಿಂದ, ಉತ್ತ ಹೊಲದಿಂದ ಏಳುವ ಝಳ ಎಂಥ ಲೆನ್ಸಿನ ಚಿತ್ರವನ್ನೂ ಕಲಕಿಬಿಡುತ್ತದೆ. ಲೆನ್ಸ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದವರಲ್ಲಿ ನಾನೂ ಒಬ್ಬ. ಅಲ್ಲಿ ಅವರು ಗೋಡೆಯ ಕ್ಯಾಲೆಂಡರಿನ ಚಿತ್ರ ತೆಗೆದು ತೋರಿಸಿದರು. ಸಣ್ಣ ಅಕ್ಷರದಲ್ಲಿದ್ದ ರಾಹುಕಾಲವೂ ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಸೂರ್ಯ ನಿಮ್ಮ ಬೆನ್ನಿಗಿರಲಿ. ನಿಮ್ಮ ನೆರಳು ಹಕ್ಕಿಯ ಕಡೆಗೆ ಚಾಚಿದ್ದರೆ ಬೆಳಕು ಸರಿಯಾಗಿದೆ ಎಂದರ್ಥ. ಹಕ್ಕಿಯ ಹಿಂದೆ ಏನಿದೆ ಎಂದು ಕೂರುವಾಗಲೇ ನೋಡಿಕೊಳ್ಳಿ. ಕೊಂಬೆಯ ಹಿಂದೆ ಐದಡಿಗೆ ಪೊದೆಯಿದ್ದರೆ ಪ್ರತಿ ಎಲೆಯೂ ಹಕ್ಕಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ಐವತ್ತಡಿ ಆಚೆಗಿದ್ದರೆ ಅದೇ ಪೊದೆ ಹಸಿರು ರೇಷ್ಮೆಯ ಪರದೆಯಾಗುತ್ತದೆ. ಎಷ್ಟೋ ಸಲ ಎರಡು ಹೆಜ್ಜೆ ಎಡಕ್ಕೆ ಸರಿದರೆ ಸಾಕು.

ಹಕ್ಕಿ ನೆಲದಲ್ಲೋ ನೀರಿನಲ್ಲೋ ಇದ್ದರೆ ನಿಂತು ತೆಗೆಯಬೇಡಿ. ಟಿಟ್ಟಿಭವನ್ನು ಮೇಲಿನಿಂದ ನೋಡಿದರೆ ಬೆನ್ನು ಮಾತ್ರ ಕಾಣುತ್ತದೆ; ಹೊಟ್ಟೆಯ ಮೇಲೆ ಮಲಗಿ ನೋಡಿದರೆ ಅದರ ಹಳದಿ ಕಾಲು, ಕೆಂಪು ಕಣ್ಣಂಚು, ಜಗಳಗಂಟಿ ಮುಖ ಎಲ್ಲ ಎದುರಿಗೆ ಬರುತ್ತವೆ. ಇನ್ನು ಕಣ್ಣು. ಅದು ಚೂಪಾಗಿ, ಒಂದು ಚುಕ್ಕೆ ಬೆಳಕು ಹೊತ್ತು ಮೂಡಿದ್ದರೆ ಬಾಲ ಮಸುಕಾದರೂ ನಡೆದೀತು. ತಲೆ ಆಚೆಗೆ ತಿರುಗಿದ್ದರೆ ಗುಂಡಿ ಒತ್ತದೆ ಕಾಯಿರಿ.

ಈಗ ಲೆನ್ಸ್

ಕಾಸು ಕಡಿಮೆಯೆಂದರೆ ಲೆನ್ಸ್ ಬದಲಿಸಲಾಗದ, ಉದ್ದ ಜೂಮ್ ಇರುವ ಕ್ಯಾಮೆರಾ ಕೊಳ್ಳಿ. ನಿಕಾನ್ ಪಿ900, ಪಿ950 ಮಾದರಿಗಳು 83 ಪಟ್ಟು ಜೂಮ್ ಮಾಡುತ್ತವೆ. ಕೂತ ಹಕ್ಕಿಗೆ, ಒಳ್ಳೆಯ ಬೆಳಕಿಗೆ, ಹಕ್ಕಿ ಯಾವುದೆಂದು ಗುರುತಿಸುವುದಕ್ಕೆ ಇವು ಧಾರಾಳ. ಹಾರುವ ಹಕ್ಕಿಗೆ ಮತ್ತು ಕಾಡಿನ ಕತ್ತಲಿಗೆ ಸೋಲುತ್ತವೆ.

ಇನ್ನಷ್ಟು ಬೇಕೆಂದರೆ ಹಳೆಯದೊಂದು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಮತ್ತು 150–600 ಮಿ.ಮೀ. ಅಥವಾ 100–400 ಮಿ.ಮೀ. ಜೂಮ್ ಲೆನ್ಸ್. ಎಲ್ಲರೂ ಆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆಗೆ ಹೊರಳುತ್ತಿರುವುದರಿಂದ ಡಿಎಸ್‌ಎಲ್‌ಆರ್ ಸಾಮಗ್ರಿ ಕೈಬದಲಿಯಾಗಿ ಅಗ್ಗಕ್ಕೆ ಸಿಗುತ್ತದೆ. ಹಳೆಯ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಇದ್ದರೆ ಅದು ಬೂಷ್ಟು, ವ್ಯಾಪಾರ ಬೇಡ. ಮಿರರ್‌ಲೆಸ್ ಕೊಳ್ಳುವ ಶಕ್ತಿಯಿದ್ದರೆ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಮಾದರಿಯನ್ನೇ ಕೊಳ್ಳಿ, ಅದು ನಿಜಕ್ಕೂ ಉಪಕಾರಿ. ಆರುನೂರು ಮಿ.ಮೀ.ಗೆ ಮೇಲಿನದ್ದು, ಲಕ್ಷಗಳ ಲೆಕ್ಕದ್ದು, ಮೂರು ವರ್ಷ ಆದ ಮೇಲೆ ಯೋಚಿಸಿ. ಅಷ್ಟರಲ್ಲಿ ಹುಚ್ಚು ಬಿಟ್ಟುಹೋಗಿರಲೂಬಹುದು.

ಬೆಳ್ಳಕ್ಕಿ ಮತ್ತು ಕಾಜಾಣ

ಕ್ಯಾಮೆರಾದ ಸೆಟ್ಟಿಂಗ್‌ಗಳಲ್ಲಿ ತೊಂಬತ್ತು ಭಾಗ ಮರೆತರೂ ನಷ್ಟವಿಲ್ಲ. ಹೀಗೆ ಶುರು ಮಾಡಿ: ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕೆಂದು ನೀವು ಹೇಳಿದರೆ ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುವ ವಿಧಾನ), ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟು (ಸಾಮಾನ್ಯವಾಗಿ ಎಫ್/5.6 ಅಥವಾ 6.3), ಆಟೊ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕೆಂದು ಕ್ಯಾಮೆರಾ ತಾನೇ ಆರಿಸಿಕೊಳ್ಳುವುದು), ಕನಿಷ್ಠ ಶಟರ್ ವೇಗ ಸೆಕೆಂಡಿನ 1/1000. ಫೋಕಸ್ ಸತತವಾಗಿ ಹಿಂಬಾಲಿಸುವ ವಿಧಾನದಲ್ಲಿರಲಿ, ಕಣ್ಣು ಹುಡುಕುವ ಸೌಲಭ್ಯ ಇಲ್ಲದಿದ್ದರೆ ನಡುವಿನ ಒಂದೇ ಬಿಂದು. ಚಿತ್ರ ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದಿ ಕುಗ್ಗಿಸದ ಮೂಲ ರೂಪದಲ್ಲಿ, ಉಳಿಯಲಿ. ಕೂತು ನಿದ್ದೆ ತೂಗುವ ಹಾಲಕ್ಕಿಗೆ 1/250 ಸಾಕು. ಒಂದು ಕ್ಷಣ ನಿಲ್ಲದ ಸೂರಕ್ಕಿಗೆ 1/1600 ಇದ್ದರೂ ಸಾಲದು. ಐಎಸ್‌ಒ 3200ಕ್ಕೆ ಏರಿತೆಂದು ಗಾಬರಿಯಾಗಬೇಡಿ. ಕಾಳುಕಾಳಾದ ಚಿತ್ರವನ್ನು ಮನೆಯಲ್ಲಿ ಸರಿಪಡಿಸಬಹುದು, ಅಲುಗಿದ ಚಿತ್ರವನ್ನು ದೇವರೂ ಸರಿಪಡಿಸಲಾರ.

ಎಲ್ಲರೂ ಎಡವುವುದು ಬಿಳಿ ಮತ್ತು ಕಪ್ಪು ಹಕ್ಕಿಗಳಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಹಕ್ಕಿ ಗೊತ್ತಿಲ್ಲ. ಎದುರಿಗೆ ಏನಿದ್ದರೂ ಅದನ್ನು ನಡುಮಧ್ಯದ ಬೂದಿ ಬಣ್ಣಕ್ಕೆ ತರಬೇಕು ಎಂಬುದೊಂದೇ ಅದರ ವ್ರತ. ಕಪ್ಪು ನೀರಿನ ನಡುವೆ ಬೆಳ್ಳಕ್ಕಿ ನಿಂತಿದೆ ಎನ್ನಿ. ಚೌಕಟ್ಟಿನ ಬಹುಭಾಗ ಕತ್ತಲು. ಕ್ಯಾಮೆರಾ 'ಅಯ್ಯೋ ಕತ್ತಲೆ' ಎಂದು ಬೆಳಕು ಹೆಚ್ಚಿಸುತ್ತದೆ. ನೀರು ಬೂದಿಯಾಗುತ್ತದೆ, ಬೆಳ್ಳಕ್ಕಿ ಸುಣ್ಣದ ಉಂಡೆಯಾಗುತ್ತದೆ. ರೆಕ್ಕೆಯ ಒಂದು ಗರಿಯೂ ಕಾಣುವುದಿಲ್ಲ. ಹಾಗೆ ಸುಟ್ಟುಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರದು. ಇಲ್ಲಿ ಕ್ಯಾಮೆರಾ ಗೊತ್ತು ಮಾಡಿದ ಬೆಳಕನ್ನು ಏರಿಸುವ, ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಗುಂಡಿಯನ್ನು ಮೈನಸ್ 0.7ಕ್ಕೆ ಇಳಿಸಿ, ಬಿಸಿಲು ಜೋರಿದ್ದರೆ ಮೈನಸ್ ಒಂದಕ್ಕೆ. ಬೆಳಗ್ಗೆ ಎಂಟರ ಬಿಸಿಲಿನಲ್ಲಿ ಬೆಳ್ಳಕ್ಕಿಗೆ ನನಗೆ ಹೊಂದಿ ಬಂದ ಲೆಕ್ಕ ಎಫ್/6.3, ಐಎಸ್‌ಒ 400, 1/1600ರ ಆಸುಪಾಸು.

ಕಾಜಾಣದ್ದು ಇದರ ತಿರುವು ಮುರುವು. ಅದು ಕೂರುವುದೇ ಆಕಾಶಕ್ಕೆ ಎದುರಾಗಿ, ವಿದ್ಯುತ್ ತಂತಿಯ ಮೇಲೆ. ಚೌಕಟ್ಟಿನ ತುಂಬ ಬಿಳಿ ಆಕಾಶ. ಕ್ಯಾಮೆರಾ 'ಬೆಳಕು ಹೆಚ್ಚಾಯಿತು' ಎಂದು ಇಳಿಸುತ್ತದೆ. ಕಾಜಾಣ ಇದ್ದಿಲಿನ ತುಂಡಾಗುತ್ತದೆ, ಕಣ್ಣು ಎಲ್ಲಿದೆ ಎಂದೂ ತಿಳಿಯುವುದಿಲ್ಲ. ಈಗ ಪ್ಲಸ್ ಒಂದು, ಮೋಡ ಬೆಳ್ಳಗಿದ್ದರೆ ಪ್ಲಸ್ ಒಂದೂವರೆ. ಆಕಾಶ ಸುಟ್ಟುಹೋಗಲಿ ಬಿಡಿ, ಅದರ ಚಿತ್ರ ತೆಗೆಯಲು ನೀವು ಬಂದಿಲ್ಲ. ಇಷ್ಟಾದರೆ ಕಾಜಾಣದ ರೆಕ್ಕೆಯಲ್ಲಿರುವ ನೀಲಿ ಹೊಳಪು ಕಾಣುತ್ತದೆ. ಒಂದು ಭಾನುವಾರ ಪೂರ್ತಿ ಇವೆರಡೇ ಹಕ್ಕಿಗಳನ್ನು ತೆಗೆದುಕೊಂಡು ಈ ಗುಂಡಿಯನ್ನು ಆಡಿಸಿ ನೋಡಿ. ಹಸು ಮೇಯುವ ಬಯಲಿಗೆ ಹೋದರೆ ಎರಡೂ ಒಂದೇ ಕಡೆ ಸಿಗುತ್ತವೆ, ಕೆಲವೊಮ್ಮೆ ಒಂದೇ ಹಸುವಿನ ಮೇಲೆ.

ಒಂದು ಒತ್ತಿಗೆ ಸಾಲುಸಾಲಾಗಿ ಚಿತ್ರ ತೆಗೆಯುವ ಬರ್ಸ್ಟ್ ಸೌಲಭ್ಯ ಈಗ ಬಹುತೇಕ ಕ್ಯಾಮೆರಾಗಳಲ್ಲಿದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮಿನ ಕಾಲದಲ್ಲಿ ಹಕ್ಕಿಗಳ ಚಿತ್ರ ತೆಗೆದವರು. ಒಂದು ರೋಲಿಗೆ 36 ಚಿತ್ರ ಮುಗಿದರೆ ಮುಗಿಯಿತು. ನಾನು ಈಗಲೂ ತಿಂಗಳಿಗೊಂದು ದಿನ 36 ಚಿತ್ರಕ್ಕೆ ನಿಲ್ಲಿಸುವ ನೇಮ ಇಟ್ಟುಕೊಂಡಿದ್ದೇನೆ. ಆ ದಿನ ಬೆರಳಿಗಿಂತ ಕಣ್ಣು ಹೆಚ್ಚು ಕೆಲಸ ಮಾಡುತ್ತದೆ.

ಹಾರುವ ಹಕ್ಕಿ

ಇದಕ್ಕೆ ಕೈ ಪಳಗಬೇಕು, ಬೇರೆ ದಾರಿಯಿಲ್ಲ. ದೊಡ್ಡ, ನಿಧಾನದ ಹಕ್ಕಿಯಿಂದ ಆರಂಭಿಸಿ: ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹದ್ದು. ಶಟರ್ ವೇಗ 1/2000. ದೂರದಲ್ಲಿರುವಾಗಲೇ ಫೋಕಸ್ ಹಿಡಿದು, ಕಾಲು ಅಲುಗಿಸದೆ ಸೊಂಟ ತಿರುಗಿಸುತ್ತ ಹಿಂಬಾಲಿಸಿ. ನೆನಪಿಡಬೇಕಾದ್ದು ಗಾಳಿ. ಹಕ್ಕಿ ಏಳುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಆದ್ದರಿಂದ ಬಿಸಿಲೂ ಗಾಳಿಯೂ ಎರಡೂ ನಿಮ್ಮ ಬೆನ್ನಿಗೆ ಬೀಳುವ ದಿನ ಸಿಕ್ಕರೆ ಕಚೇರಿಗೆ ರಜೆ ಹಾಕಿಯಾದರೂ ಹೋಗಿ; ಅಂದು ಪ್ರತಿ ಹಕ್ಕಿಯೂ ನಿಮ್ಮ ಮುಖಕ್ಕೇ ಇಳಿಯುತ್ತದೆ. ಕೂತ ಹಕ್ಕಿ ಹಿಕ್ಕೆ ಹಾಕಿ, ಮೈ ಮುಂದಕ್ಕೆ ಬಾಗಿಸಿತೆಂದರೆ ಹಾರಲು ಸಿದ್ಧವಾಯಿತು ಎಂದೇ ತಿಳಿಯಿರಿ. ಬೆರಳು ಒತ್ತಬೇಕಾದ್ದು ಹಾರಿದ ಮೇಲಲ್ಲ, ಆಗ.

ಕೈ ಹಾಕಬಾರದ ಕಡೆ

ಗೂಡಿನ ಚಿತ್ರ ಬೇಡ. ಹಿಂದೆ ಅದು ವಾಡಿಕೆಯಾಗಿತ್ತು, ಈಗ ಮರ್ಯಾದಸ್ಥ ಸ್ಪರ್ಧೆಗಳೂ ಒಪ್ಪುವುದಿಲ್ಲ. ನಾವು ಒಮ್ಮೆ ಹೋಗಿ ಬಂದ ದಾರಿಯನ್ನು ಕಾಗೆ ನೋಡಿರುತ್ತದೆ, ಬೆಕ್ಕು ಮೂಸಿರುತ್ತದೆ. ಅಡ್ಡ ಬಂದ ಎಲೆಯನ್ನು ಕಿತ್ತು ಚಿತ್ರ ತೆಗೆದರೆ ಮಧ್ಯಾಹ್ನದ ಬಿಸಿಲು ನೇರ ಮರಿಗಳ ಮೇಲೆ. ಕಾನೂನೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ವಿವರಣೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕೆಣಕುವುದೂ ಸೇರಿವೆ. ಬಂದೂಕು ಹಿಡಿಯಲೇಬೇಕೆಂದಿಲ್ಲ.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದು ಇನ್ನೊಂದು ಚಾಳಿ. ತನ್ನ ಸೀಮೆಗೆ ಎದುರಾಳಿ ನುಗ್ಗಿದನೆಂದು ಗಂಡು ಹಕ್ಕಿ ಕೆಲಸ ಬಿಟ್ಟು ಓಡಿ ಬರುತ್ತದೆ. ಇಲ್ಲದ ಶತ್ರುವಿನ ಜೊತೆ ಗಂಟೆಗಟ್ಟಲೆ ಕಾದಾಡುತ್ತದೆ. ಗೂಬೆಯ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದು, ಕೊಕ್ಕರೆಗಳ ಹಿಂಡಿಗೆ ಕಲ್ಲೆಸೆದು ಹಾರಿಸುವುದು, ಡ್ರೋನ್ ಬಿಡುವುದು ಇವುಗಳ ಬಗ್ಗೆ ವಾದಿಸುವುದಕ್ಕೂ ನನಗೆ ತಾಳ್ಮೆಯಿಲ್ಲ. ಗೂಬೆ ಕೂರುವ ಮರ, ಅಪರೂಪದ ಹಕ್ಕಿಯ ಠಾವು ಇವನ್ನು ಚಿತ್ರದ ಜೊತೆ ಊರಿಗೆಲ್ಲ ಹಂಚಬೇಡಿ. ಮೊಬೈಲ್ ಚಿತ್ರದಲ್ಲಿ ಸ್ಥಳದ ಗುರುತು ತಾನಾಗಿ ಸೇರಿರುತ್ತದೆ, ಅದನ್ನೂ ತೆಗೆದುಹಾಕಿ.

ವರ್ಷಕ್ಕೊಮ್ಮೆಯ ಯಾತ್ರೆ

ಕೆರೆಯಲ್ಲಿ ಕೈ ಕುದುರಿದ ಮೇಲೆ ರಂಗನತಿಟ್ಟಿಗೆ ಹೋಗಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳಲ್ಲಿ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಂಡೆಗಳ ಮೇಲೆ ನದಿ ರೀವ, ನಡುವೆ ಬಾಯಿ ತೆರೆದು ಮಲಗಿದ ಮೊಸಳೆ ಎಲ್ಲ ದೋಣಿಯಿಂದಲೇ ಸಿಗುತ್ತವೆ. ದೋಣಿ ಅಲುಗುತ್ತಿರುತ್ತದೆ, ಆದ್ದರಿಂದ ಟ್ರೈಪಾಡ್ ಉಪಯೋಗಕ್ಕೆ ಬಾರದು. ಶಟರ್ ವೇಗ ಏರಿಸಿಕೊಂಡು ಕೈಯಲ್ಲೇ ತೆಗೆಯಿರಿ. ಬೆಳಗಿನ ಮೊದಲ ದೋಣಿ ಹಿಡಿಯಿರಿ. ದೋಣಿ ನಡೆಸುವವರಿಗೆ ಹಕ್ಕಿಗಳೂ ಗೊತ್ತು, ಬೆಳಕೂ ಗೊತ್ತು. 'ಸ್ವಲ್ಪ ಹತ್ತಿರ ಬಿಡಿ' ಎಂದು ಅವರನ್ನು ಪೀಡಿಸಬೇಡಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ವಿಚಾರಿಸಿಕೊಂಡು ಹೊರಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ದೋಣಿಯೂ ಬೇಡ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವನ್ನು ಕಾಣುತ್ತಾರೆ. ಅಂದಮೇಲೆ ನೀವು ಬಾಣಂತಿಯಿರುವ ಮನೆಗೆ ಬಂದ ನೆಂಟರು. ಇಲ್ಲಿ ಮರದಡಿ ನಿಲ್ಲದೆ ದೂರದಿಂದ ಉದ್ದ ಲೆನ್ಸಿನಲ್ಲಿ, ಕಡ್ಡಿ ಹೊತ್ತು ಬರುವ ಹಕ್ಕಿಗಳನ್ನು ದಾರಿಯಲ್ಲೇ ತೆಗೆಯುವುದು ಒಳ್ಳೆಯದು. ಮನೆಯ ಮಾಳಿಗೆ ಹತ್ತಬೇಕೆನಿಸಿದರೆ ಮನೆಯವರನ್ನು ಕೇಳಿ ಹತ್ತಿ.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಕೆಲವುಗಳ ಕೊರಳಿಗೆ ಮಂಗೋಲಿಯದಲ್ಲಿ ತೊಡಿಸಿದ ಪಟ್ಟಿ ಇರುತ್ತದೆ, ಅದರ ಮೇಲೆ ಅಕ್ಷರ, ಅಂಕಿ. ಅಂಥದ್ದು ಸಿಕ್ಕರೆ ಬೆಳಕು, ಹಿನ್ನೆಲೆ ಎಲ್ಲ ಮರೆತು ಆ ಪಟ್ಟಿ ಓದಲು ಬರುವಂತೆ ಒಂದು ಚಿತ್ರ ತೆಗೆಯಿರಿ. ಅಂದದ ನೂರು ಚಿತ್ರಗಳಿಗಿಂತ ಪಕ್ಷಿ ವಿಜ್ಞಾನಿಗಳಿಗೆ ಅದು ಹೆಚ್ಚು ಬೇಕಾದದ್ದು. ಹಕ್ಕಿ ಕಂಡವರು ದಾಖಲೆ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಿನಾಂಕ, ಸ್ಥಳದೊಂದಿಗೆ ದಾಖಲಿಸಿ.

ಮನೆಗೆ ಬಂದ ಮೇಲೆ

ಅಂದೇ ರಾತ್ರಿ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ, ಮೊದಲ ಸುತ್ತಿನಲ್ಲಿ ಕಣ್ಣು ಚೂಪಿಲ್ಲದ್ದನ್ನೆಲ್ಲ ಅಳಿಸಿ. ಇನ್ನೂರರಲ್ಲಿ ಐದು ಉಳಿದರೆ ಅಂದು ಹಬ್ಬ. ಕತ್ತರಿಸುವಾಗ ಹಕ್ಕಿ ನೋಡುತ್ತಿರುವ ಕಡೆ ಜಾಗ ಬಿಡಿ. ಬಣ್ಣ ಏರಿಸುವ ಗುಂಡಿಯ ತಂಟೆಗೆ ಹೋಗಬೇಡಿ. ಮಿಂಚುಳ್ಳಿಗೆ ದೇವರು ಕೊಟ್ಟಿರುವ ನೀಲಿಯೇ ಸಾಕಷ್ಟಿದೆ. ಪ್ರತಿ ಚಿತ್ರಕ್ಕೂ ಹಕ್ಕಿಯ ಹೆಸರು, ತಾರೀಖು, ಕೆರೆಯ ಹೆಸರು ಬರೆದಿಡಿ, ಹೆಸರು ಕನ್ನಡದಲ್ಲೇ ಇರಲಿ. ಎರಡನೆಯ ಪ್ರತಿಯೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿರಲಿ.

ಜೂನ್ ಬಂತೆಂದರೆ ಲೆನ್ಸಿಗೆ ಬೂಷ್ಟಿನ ಭಯ. ಒಂದು ಮಳೆಗಾಲ ನಾನು ಶಿವಮೊಗ್ಗದ ಕಡೆ ನೆಂಟರ ಮನೆಯಲ್ಲಿ ಕ್ಯಾಮೆರಾ ಚೀಲವನ್ನು ಹಾಗೆಯೇ ಕಪಾಟಿನಲ್ಲಿಟ್ಟು ಮರೆತು, ಎರಡು ತಿಂಗಳ ನಂತರ ತೆಗೆದಾಗ ಒಳಗಿನ ಗಾಜಿನ ಮೇಲೆ ರಂಗೋಲಿ ಬಿಡಿಸಿತ್ತು. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್, ಇಷ್ಟೇ ಮದ್ದು. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಕ್ಕಿಯಲ್ಲಿ ಹೂತಿಡುವ ಸಲಹೆಯನ್ನು ಕೇಳಬೇಡಿ, ಅದರ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ.

ಹಾಗೆಂದು ಮಳೆಗಾಲ ರಜೆಯಲ್ಲ. ಗಂಡು ಗೀಜಗ ಹಳದಿ ಟೋಪಿ ಹಾಕಿಕೊಂಡು ಹುಲ್ಲು ಸೀಳಿ ತರುವುದು, ಕೊಳಬಕದ ಬೆನ್ನು ಕಂದುಗೆಂಪಾಗುವುದು ಈಗಲೇ. ಗೀಜಗದ ಗೂಡಿನ ಹತ್ತಿರ ಹೋಗದೆ, ಅದು ಹುಲ್ಲು ಸೀಳುವ ಕಬ್ಬಿನ ಗದ್ದೆಯ ಅಂಚಿನಲ್ಲಿ ಕೂತರೆ ಗರಿಯ ಉದ್ದಕ್ಕೂ ಎಳೆ ಎಳೆದುಕೊಂಡು ಹಾರುವ ಚಿತ್ರ ಸಿಗುತ್ತದೆ.

ನನ್ನ ತೂಬಿನ ಕೆರೆ ಕಳೆದ ಮಳೆಗಾಲದಲ್ಲಿ ಕೋಡಿ ಬಿದ್ದು ಕಲ್ಲುಕಂಬ ಪೂರ್ತಿ ಮುಳುಗಿತು. ಎರಡು ವಾರ ಕೊಡೆ ಹಿಡಿದು ನೋಟ್‌ಬುಕ್ಕಿನ ಜೊತೆ ಮತ್ತೆ ಏರಿ ಸುತ್ತಿದೆ. ಮಿಂಚುಳ್ಳಿ ಈಗ ಆಚೆ ದಡದ ಜಾಲಿಯ ಒಣಕೊಂಬೆಗೆ ಬದಲಾಗಿದೆ. ಅಲ್ಲಿ ಬೆಳಗ್ಗೆ ಎದುರು ಬೆಳಕು, ಆದ್ದರಿಂದ ಸಂಜೆ ನಾಲ್ಕೂವರೆಗೆ ಹೋಗುತ್ತಿದ್ದೇನೆ. ಎಮ್ಮೆಯ ಯಜಮಾನರೂ ಆ ಹೊತ್ತಿಗೆ ಅದೇ ದಡಕ್ಕೆ ಬರುತ್ತಾರೆ.